ಅಟ್ಟದ ಮೇಲಿನ ಕಂಪ್ಯೂಟರು, ಬೀಗ ಹಾಕಿದ ಡಬ್ಬಿ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸ್ 10 ತಂತ್ರಾಂಶಕ್ಕೆ ಕೊಡುತ್ತಿದ್ದ ಎಂದಿನ ಬೆಂಬಲವನ್ನು ನಿಲ್ಲಿಸಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11 ಬೇಕೆಂದರೆ ಕಂಪ್ಯೂಟರಿನೊಳಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ, ಒಂದೆರಡು ಅಪವಾದ ಬಿಟ್ಟು, ಎಂಟನೆಯ ತಲೆಮಾರಿನದೋ ಅದಕ್ಕಿಂತ ಈಚಿನದೋ ಆಗಿರಬೇಕು. ಈ ಷರತ್ತಿನ ಆಚೆ ಉಳಿದ ಯಂತ್ರಗಳ ಒಳಗೆ ಆ ದಿನ ಏನೂ ಕೆಟ್ಟಿರಲಿಲ್ಲ. ಹಿಂದಿನ ರಾತ್ರಿ ಓಡಿದಂತೆಯೇ ಮರುದಿನ ಬೆಳಿಗ್ಗೆಯೂ ಓಡುತ್ತಿದ್ದವು. ಆದರೂ ಅವು ಮುದಿಯಾದವೆಂದು ಸಾರಲಾಯಿತು. ಶಾಲೆ, ಸಹಕಾರ ಸಂಘ, ಕಚೇರಿ, ಮನೆ ಎನ್ನದೆ ಎಲ್ಲೆಡೆ ಇಂಥ ಯಂತ್ರಗಳು ಅಟ್ಟ ಹತ್ತುವುದು, ಅಲ್ಲಿಂದ ಗುಜರಿ ಸೇರುವುದು ಸಹಜವೆಂಬಂತೆ ನಡೆದಿದೆ.

ಮಲೆನಾಡಿನ ಕೊಟ್ಟಿಗೆಯಲ್ಲಿ ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಳುತ್ತಾರೆ. ಅದನ್ನು ನೇಗಿಲಿಗೆ ಕಟ್ಟಬಹುದೇ ಎಂದು ಕೇಳಿದರೆ ಮಾತ್ರ ಹೆಗಲು ನೋಡುತ್ತಾರೆ. ಕಂಪ್ಯೂಟರಿನ ವಿಷಯದಲ್ಲಿ ಹೆಗಲು ನೋಡುವ ಪದ್ಧತಿಯೇ ಇಲ್ಲವಾಗಿದೆ. ಮಾರುವವನು ಹೇಳಿದ ವಯಸ್ಸನ್ನೇ ಕೊಳ್ಳುವವನು ನಂಬುತ್ತಾನೆ. ಆದ್ದರಿಂದ ಒಂದು ಕೆಲಸ ಕೊಟ್ಟು ನೋಡುವುದು ಒಳ್ಳೆಯದು. ಪತ್ರ ಟೈಪು ಮಾಡುವಂಥ ಹಗುರ ಕೆಲಸವಲ್ಲ. ‘ಅದಕ್ಕೆ ಹೊಸ ಯಂತ್ರವೇ ಬೇಕು’ ಎಂದು ಸಾಮಾನ್ಯವಾಗಿ ಎಲ್ಲರೂ ಹೇಳುವ ಕೆಲಸ. ಟಿ.ವಿ. ಕಾರ್ಯಕ್ರಮಗಳನ್ನು ಮನೆಯಲ್ಲೇ ಮುದ್ರಿಸಿಟ್ಟುಕೊಂಡು, ಬಿಡುವಾದಾಗ ನೋಡುವ ಕೆಲಸ.

ಇದು ಶೋಕಿಯ ಮಾತೆಂದು ತಳ್ಳಿಹಾಕುವ ಮೊದಲು ಒಂದು ಸಂಜೆಯನ್ನು ನೆನೆಯಬೇಕು. ಕೆಲವು ವರ್ಷಗಳಿಂದ ಅಡಿಕೆ ತೋಟಗಳನ್ನು ಎಲೆಚುಕ್ಕೆ ರೋಗ ಹಣ್ಣುಗಾಯಿ ಮಾಡುತ್ತಿದೆ. ಕೊಳೆರೋಗ ಮೊದಲಿನಿಂದಲೂ ಇದ್ದದ್ದೇ. ಟಿ.ವಿ.ಯ ಕೃಷಿ ಕಾರ್ಯಕ್ರಮದಲ್ಲಿ ತಜ್ಞರೊಬ್ಬರು ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ತೋರಿಸುತ್ತಾರೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಯಾವುದನ್ನು ಯಾವುದಕ್ಕೆ ಸುರಿಯಬೇಕು, ಸುಣ್ಣ ಸಾಲದಿದ್ದರೆ ಎಲೆ ಹೇಗೆ ಸುಡುತ್ತದೆ. ಅದು ಹಾಲು ಕರೆಯುವ ಹೊತ್ತು. ಮನೆಯೊಡತಿ ಕೊಟ್ಟಿಗೆಯಲ್ಲಿರುತ್ತಾಳೆ, ಯಜಮಾನ ತೋಟದಿಂದ ಮರಳಿರುವುದಿಲ್ಲ, ಇಬ್ಬರೂ ಮನೆಯಲ್ಲಿದ್ದ ದಿನ ಕರೆಂಟು ಇರುವುದಿಲ್ಲ. ಹಳ್ಳಿಗರಿಗೆಂದೇ ಭಾರತದ ದೂರದರ್ಶನ 1967ರ ಜನವರಿ 26ರಂದು ‘ಕೃಷಿ ದರ್ಶನ’ ಆರಂಭಿಸಿತು. ಅರ್ಧ ಶತಮಾನ ದಾಟಿದರೂ ಕಾರ್ಯಕ್ರಮದ ಹೊತ್ತಿಗೆ ರೈತ ಹೊಂದಿಕೊಳ್ಳಬೇಕೇ ಹೊರತು, ರೈತನ ಹೊತ್ತಿಗೆ ಕಾರ್ಯಕ್ರಮ ಹೊಂದಿಕೊಂಡಿಲ್ಲ. ಮುದ್ರಿಸಿಕೊಂಡ ಕಾರ್ಯಕ್ರಮವನ್ನು ರಾತ್ರಿ ಊಟದ ನಂತರ ನೋಡಬಹುದು, ಸುಣ್ಣದ ಪ್ರಮಾಣ ಹೇಳುವಲ್ಲಿ ನಿಲ್ಲಿಸಿ ಬರೆದುಕೊಳ್ಳಬಹುದು, ಮುಂದಿನ ಮಳೆಗಾಲಕ್ಕೆ ಮತ್ತೆ ತೆಗೆದು ನೋಡಬಹುದು.

ಗುಮಾಸ್ತನ ಕೆಲಸ

ಈ ಕೆಲಸದ ಚರಿತ್ರೆ ಅಮೆರಿಕದಲ್ಲಿದೆ. 1999ರಲ್ಲಿ ಟೀವೊ ಮತ್ತು ರೀಪ್ಲೇಟಿವಿ ಎಂಬ ಎರಡು ಡಬ್ಬಿಗಳು ಅಲ್ಲಿನ ಮಾರುಕಟ್ಟೆಗೆ ಬಂದವು. ವಿ.ಸಿ.ಆರ್. ಯಂತ್ರದ ಟೇಪಿನ ಬದಲು ಹಾರ್ಡ್ ಡಿಸ್ಕಿನ ಮೇಲೆ ಕಾರ್ಯಕ್ರಮ ಮುದ್ರಿಸುವ ಯಂತ್ರಗಳವು. 2002ರಲ್ಲಿ ಐಸಾಕ್ ರಿಚರ್ಡ್ಸ್ ಎಂಬ ತಂತ್ರಜ್ಞ ಅದೇ ಕೆಲಸವನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಮಾಡುವ ಮಿಥ್‌ಟಿವಿ ಎಂಬ ತಂತ್ರಾಂಶವನ್ನು ಬರೆಯಲು ತೊಡಗಿದ. ಅದು ಲಿನಕ್ಸ್ ಮೇಲೆ ಓಡುವ ಸ್ವತಂತ್ರ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಜರ್ಮನಿಯಲ್ಲಿ ಕ್ಲಾಸ್ ಶ್ಮಿಡಿಂಗರ್ ಉಪಗ್ರಹ ಪ್ರಸಾರಕ್ಕಾಗಿ ವಿಡಿಆರ್ ಎಂಬ ಇನ್ನೊಂದನ್ನು ರಚಿಸಿದ. ಮಿಥ್‌ಟಿವಿಯ 34ನೆಯ ಆವೃತ್ತಿ 2024ರಲ್ಲಿ ಹೊರಬಂದಿತು. ಇಪ್ಪತ್ತೆರಡು ವರ್ಷ ಒಂದೇ ತಂತ್ರಾಂಶವನ್ನು ಸಂಬಳವಿಲ್ಲದ ಜನ ಸಾಕಿಕೊಂಡು ಬಂದರೆಂಬುದನ್ನು, ಮೂರು ವರ್ಷಕ್ಕೊಂದು ಮಾದರಿ ಬದಲಿಸುವ ಉದ್ಯಮದ ಎದುರಿಗಿಟ್ಟು ನೋಡಬೇಕು.

ಆಗಿನ ಪ್ರಸಾರ ಅನಲಾಗ್ ಆಗಿತ್ತು. ಬಂದ ಚಿತ್ರವನ್ನು ಅಂಕಿಗಳಾಗಿ ಪರಿವರ್ತಿಸಿ, ಕುಗ್ಗಿಸಿ, ಡಿಸ್ಕಿಗೆ ಹಾಕಬೇಕಿತ್ತು. ಕುಗ್ಗಿಸುವುದು ದುಡಿಮೆಯ ಕೆಲಸ. ಅದನ್ನು ಪ್ರೊಸೆಸರ್ ಒಂದೇ ಮಾಡಹೊರಟರೆ ಆ ಕಾಲದ ಯಂತ್ರಗಳು ಏದುಸಿರು ಬಿಡುತ್ತಿದ್ದವು. ಅದಕ್ಕೂ ಉಪಾಯವಿತ್ತು. ಹಾಪಾಗ್ ಕಂಪನಿಯ ಪಿವಿಆರ್-250ರಂಥ ಕಾರ್ಡುಗಳು ಕುಗ್ಗಿಸುವ ಕೆಲಸವನ್ನು ತಾವೇ ಮಾಡಿ ಮುಗಿಸುತ್ತಿದ್ದವು. ಅಂಥ ಕಾರ್ಡೊಂದನ್ನು ಸಿಕ್ಕಿಸಿದರೆ ಪೆಂಟಿಯಮ್-3 ಯಂತ್ರವೂ ನಿರಾಳವಾಗಿ ಮುದ್ರಿಸುತ್ತಿತ್ತು.

ಪ್ರಸಾರ ಡಿಜಿಟಲ್ ಆದ ಮೇಲೆ ಮುದ್ರಣ ಇನ್ನೂ ಸುಲಭವಾಯಿತು. ಇದನ್ನು ಜನರಿಗೆ ಯಾರೂ ಹೇಳುತ್ತಿಲ್ಲ. ಡಿಜಿಟಲ್ ಪ್ರಸಾರದಲ್ಲಿ ಚಿತ್ರವನ್ನು ಪ್ರಸಾರಕನೇ ಕುಗ್ಗಿಸಿ ಕಳುಹಿಸಿರುತ್ತಾನೆ. ಮನೆಯ ಕಂಪ್ಯೂಟರು ಅದನ್ನು ಹಿಡಿದು, ಬಂದದ್ದು ಬಂದಂತೆಯೇ ಡಿಸ್ಕಿಗೆ ಬರೆದರೆ ಮುಗಿಯಿತು. ಅಡುಗೆ ಬೇರೆಲ್ಲೋ ಆಗಿದೆ, ಇಲ್ಲಿ ಬುತ್ತಿ ಇಳಿಸಿಕೊಳ್ಳುವುದಷ್ಟೇ. ಸೆಕೆಂಡಿಗೆ ಮೂರು ಮೆಗಾಬಿಟ್‌ನ ಸಾಮಾನ್ಯ ವಾಹಿನಿಯೊಂದು ಗಂಟೆಗೆ ಒಂದೂಕಾಲು, ಒಂದೂವರೆ ಗಿಗಾಬೈಟ್ ತುಂಬುತ್ತದೆ. ಅಮೆರಿಕದ ಡಿಜಿಟಲ್ ಪ್ರಸಾರದಲ್ಲಿ ಒಂದು ವಾಹಿನಿಗೆ ಸಿಗುವ ಗರಿಷ್ಠ ಪ್ರಮಾಣ ಸೆಕೆಂಡಿಗೆ 19.39 ಮೆಗಾಬಿಟ್, ಗಂಟೆಗೆ ಒಂಬತ್ತು ಗಿಗಾಬೈಟ್‌ಗೂ ಕಡಿಮೆ. ಅದನ್ನೂ ಇಪ್ಪತ್ತು ವರ್ಷದ ಹಳೆಯ ಡಿಸ್ಕು ಸರಾಗವಾಗಿ ಬರೆದುಕೊಳ್ಳುತ್ತದೆ. ಉಪಗ್ರಹದ ಒಂದೇ ಟ್ರಾನ್ಸ್‌ಪಾಂಡರಿನಲ್ಲಿ ಹಲವು ವಾಹಿನಿಗಳು ಒಟ್ಟಾಗಿ ಬರುವುದರಿಂದ, ಒಂದೇ ಕಾರ್ಡಿನಲ್ಲಿ ಎರಡು ಮೂರು ವಾಹಿನಿಗಳನ್ನು ಏಕಕಾಲಕ್ಕೆ ಮುದ್ರಿಸಿಕೊಳ್ಳುವುದನ್ನೂ ಮಿಥ್‌ಟಿವಿ ಬಹಳ ಹಿಂದೆಯೇ ಕಲಿತಿದೆ.

ಕಷ್ಟವಿರುವುದು ಮುದ್ರಿಸಿದ್ದನ್ನು ತೋರಿಸುವಲ್ಲಿ. ಎಂಪಿಇಜಿ-4 ಎಚ್‌ಡಿ ಚಿತ್ರವನ್ನು ಬಿಡಿಸಿ ತೋರಿಸಲು ಹಳೆಯ ಪ್ರೊಸೆಸರ್ ತಡವರಿಸುತ್ತದೆ, ಚಿತ್ರ ಮುಗ್ಗರಿಸುತ್ತದೆ. ಮಿಥ್‌ಟಿವಿಯನ್ನು ಮೊದಲಿನಿಂದಲೇ ಎರಡು ಭಾಗ ಮಾಡಿ ಕಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮುದ್ರಿಸುವ ಭಾಗ ಮೂಲೆಯ ಹಳೆಯ ಯಂತ್ರದಲ್ಲಿ, ತೋರಿಸುವ ಭಾಗ ಅದಕ್ಕಿಂತ ತುಸು ಚುರುಕಾದ ಇನ್ನೊಂದರಲ್ಲಿ ಇರಬಹುದು. ನಡುವೆ ಒಂದು ನೆಟ್‌ವರ್ಕ್ ತಂತಿ. ಮುದಿ ಎತ್ತಿಗೆ ಗಾಣ, ಹೋರಿಗೆ ಗಾಡಿ.

ವಿದ್ಯುತ್ತಿನ ಲೆಕ್ಕ

ಮಾರಾಟಗಾರರು ಈಚೆಗೆ ಪರಿಸರದ ಭಾಷೆಯನ್ನೂ ಕಲಿತಿದ್ದಾರೆ. ಹಳೆಯ ಯಂತ್ರ ವಿದ್ಯುತ್ ನುಂಗುತ್ತದೆ, ಹೊಸದು ಉಳಿಸುತ್ತದೆ, ಆದ್ದರಿಂದ ಹಳೆಯದನ್ನು ಎಸೆಯುವುದೇ ಭೂಮಿಗೆ ಮಾಡುವ ಉಪಕಾರ ಎಂಬುದು ಅವರ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಅದನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. ನೂರು ವ್ಯಾಟ್ ಬೇಡುವ ಮೇಜಿನ ಕಂಪ್ಯೂಟರನ್ನು ಹಗಲೂ ರಾತ್ರಿ ಹಚ್ಚಿಟ್ಟರೆ ದಿನಕ್ಕೆ 2.4 ಯುನಿಟ್, ವರ್ಷಕ್ಕೆ 876 ಯುನಿಟ್ ಖರ್ಚಾಗುತ್ತದೆ. ಹಳೆಯ ಯಂತ್ರವನ್ನು ಉಳಿಸಿದೆನೆಂಬ ಹೆಮ್ಮೆಯಲ್ಲಿ ಅದನ್ನು ಹೀಗೆ ಸುಮ್ಮನೆ ಉರಿಸುವವರಿದ್ದರೆ, ಅವರದು ಪರಿಸರ ಪ್ರೇಮವಲ್ಲ, ಸೋಮಾರಿತನ.

ಮುದ್ರಿಸುವ ಯಂತ್ರ ಸದಾ ಎಚ್ಚರವಿರಬೇಕಾಗಿಲ್ಲ. ಪ್ರತಿ ಕಂಪ್ಯೂಟರಿನ ಒಳಗೂ ಪುಟ್ಟ ಬ್ಯಾಟರಿಯಿಂದ ನಡೆಯುವ ಗಡಿಯಾರವೊಂದಿದೆ. ಮುಂದಿನ ಮುದ್ರಣದ ಹೊತ್ತನ್ನು ಮಿಥ್‌ಟಿವಿ ಅದಕ್ಕೆ ಒಪ್ಪಿಸಿ ಯಂತ್ರವನ್ನು ಆರಿಸುವಂತೆ ಮಾಡಬಹುದು. ಕಾರ್ಯಕ್ರಮಕ್ಕೆ ಕೆಲವು ನಿಮಿಷ ಮೊದಲು ಗಡಿಯಾರ ಯಂತ್ರವನ್ನು ಎಬ್ಬಿಸುತ್ತದೆ, ಕೆಲಸ ಮುಗಿದೊಡನೆ ಅದು ಮತ್ತೆ ಮಲಗುತ್ತದೆ. ದಿನಕ್ಕೆ ಎರಡು ತಾಸಿನ ಮುದ್ರಣಕ್ಕೆ ವರ್ಷಕ್ಕೆ 73 ಯುನಿಟ್. ಮಲಗಿರುವಾಗಲೂ ಅದು ಎಳೆಯುವ ಮೂರು ವ್ಯಾಟ್‌ನಷ್ಟನ್ನು ಸೇರಿಸಿದರೂ ನೂರು ಯುನಿಟ್ ದಾಟುವುದಿಲ್ಲ.

ಇನ್ನು ಕಂಪನಿಗಳ ಡಬ್ಬಿಗಳ ಕಥೆ. ಅಮೆರಿಕದ ಎನ್‌ಆರ್‌ಡಿಸಿ ಎಂಬ ಪರಿಸರ ಸಂಸ್ಥೆ 2011ರಲ್ಲಿ ಒಂದು ವರದಿ ಪ್ರಕಟಿಸಿತು. ಆ ದೇಶದ ಸುಮಾರು 16 ಕೋಟಿ ಸೆಟ್‌ಟಾಪ್ ಡಬ್ಬಿಗಳು 2010ರಲ್ಲಿ 2,700 ಕೋಟಿ ಯುನಿಟ್ ವಿದ್ಯುತ್ ಬಳಸಿದ್ದವು. ಜನ ಅದಕ್ಕೆ ತೆತ್ತ 300 ಕೋಟಿ ಡಾಲರಿನಲ್ಲಿ 200 ಕೋಟಿ ಹೋದದ್ದು ಯಾರೂ ಟಿ.ವಿ. ನೋಡದ, ಏನನ್ನೂ ಮುದ್ರಿಸದ ಹೊತ್ತಿನ ವಿದ್ಯುತ್ತಿಗೆ. ಗುಂಡಿ ಒತ್ತಿ ಆರಿಸಿದರೂ ದೀಪವಷ್ಟೇ ಆರುತ್ತಿತ್ತು, ಯಂತ್ರ ಒಳಗೆ ಓಡುತ್ತಲೇ ಇತ್ತು. ಅದರ ಮಾಲೀಕನಿಗೆ ಅದನ್ನು ತಿದ್ದುವ ಅಧಿಕಾರವಿರಲಿಲ್ಲ, ಏಕೆಂದರೆ ಮಾಲೀಕ ಅವನಾಗಿರಲಿಲ್ಲ, ಡಬ್ಬಿ ಬಾಡಿಗೆಯದು. ಹೊಸ ಯಂತ್ರ ತಾನಾಗಿ ಮಿತವ್ಯಯಿ ಎಂದು ನಂಬುವವರು ಈ ಲೆಕ್ಕವನ್ನು ಒಮ್ಮೆ ಓದಬೇಕು.

ತಯಾರಿಕೆಯ ಖರ್ಚು ಬೇರೆಯೇ ಇದೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಪರವಾಗಿ ರೂಡಿಗರ್ ಕ್ಯೂರ್ ಮತ್ತು ಎರಿಕ್ ವಿಲಿಯಮ್ಸ್ 2003–04ರ ಹೊತ್ತಿಗೆ ಸಿದ್ಧಪಡಿಸಿದ ಅಧ್ಯಯನದ ಪ್ರಕಾರ, 17 ಇಂಚಿನ ಪರದೆಯೊಂದಿಗೆ ಆ ಕಾಲದ ಒಂದು ಕಂಪ್ಯೂಟರನ್ನು ತಯಾರಿಸಲು ಕನಿಷ್ಠ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕಗಳು, 1,500 ಕಿಲೋ ನೀರು ಬೇಕಾಗುತ್ತಿದ್ದವು. ಮನೆಬಳಕೆಯ ಕಂಪ್ಯೂಟರು ತನ್ನ ಅಲ್ಪಾಯುಷ್ಯದಲ್ಲಿ ಬಳಸುವ ಒಟ್ಟು ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅದನ್ನು ತಯಾರಿಸುವಲ್ಲೇ ಮುಗಿದಿರುತ್ತದೆಂದು ವಿಲಿಯಮ್ಸ್ ಲೆಕ್ಕ ಹಾಕಿದ್ದ. ಅಂದರೆ ಅಟ್ಟದ ಮೇಲಿನ ಯಂತ್ರದ ಕಲ್ಲಿದ್ದಲು ಈಗಾಗಲೇ ಉರಿದುಹೋಗಿದೆ. ಎಸೆದರೆ ಅದು ವಾಪಸು ಬರುವುದಿಲ್ಲ. ಇನ್ನೊಂದನ್ನು ತಂದರೆ ಮತ್ತೆ ಉರಿಯುತ್ತದೆ. ಎಸೆದದ್ದು ಎಲ್ಲಿ ಹೋಗುತ್ತದೆ? 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರವೆಂದೂ ವಿಶ್ವಸಂಸ್ಥೆಯ 2024ರ ವರದಿ ಹೇಳುತ್ತದೆ.

ಬೀಗಗಳು

ಹಾಗಾದರೆ ಹಳೆಯ ಕಂಪ್ಯೂಟರುಗಳು ಈ ಕೆಲಸಕ್ಕೆ ಏಕೆ ಬಳಕೆಯಾಗುತ್ತಿಲ್ಲ? ಶಕ್ತಿ ಸಾಲದೆಂಬುದು ನೆಪ. ಮುದ್ರಿಸಬೇಕಾದ ಪ್ರಸಾರಕ್ಕೇ ಬೀಗ ಬಿದ್ದಿದೆ, ಮತ್ತು ಬೀಗದ ಕೈ ಕಂಪನಿಯ ಜೇಬಿನಲ್ಲಿದೆ.

ಮನೆಯಲ್ಲಿ ಮುದ್ರಿಸಿಕೊಂಡು ಆಮೇಲೆ ನೋಡುವುದು ತಪ್ಪಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1984ರಲ್ಲೇ, ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ, ತೀರ್ಪು ಕೊಟ್ಟಿತ್ತು. ನ್ಯಾಯಾಲಯದಲ್ಲಿ ಸೋತದ್ದನ್ನು ಉದ್ಯಮ ಯಂತ್ರದೊಳಗೆ ಗೆಲ್ಲಲು ಹೊರಟಿತು. ಮನಬಂದಂತೆ ಮರುಹಂಚಬಾರದೆಂಬ ಗುರುತನ್ನು ಪ್ರಸಾರದಲ್ಲೇ ಸೇರಿಸಿ, ಅದನ್ನು ಪಾಲಿಸದ ಉಪಕರಣಗಳನ್ನು ತಡೆಯುವ ‘ಬ್ರಾಡ್‌ಕಾಸ್ಟ್ ಫ್ಲ್ಯಾಗ್’ ನಿಯಮವನ್ನು ಅಲ್ಲಿನ ಸಂಪರ್ಕ ಆಯೋಗ 2003ರಲ್ಲಿ ಒಪ್ಪಿತು. ಗ್ರಂಥಪಾಲಕರ ಸಂಘ ಮೊದಲಾದವರು ಹೋರಾಡಿದ ಫಲವಾಗಿ 2005ರಲ್ಲಿ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. 2012ರಲ್ಲಿ ಅದೇ ಆಯೋಗ, ಪೂರ್ತಿ ಡಿಜಿಟಲ್ ಆದ ಕೇಬಲ್ ಜಾಲಗಳು ಮೂಲ ವಾಹಿನಿಗಳನ್ನೂ ಗೂಢಲಿಪಿಯಲ್ಲಿ ಕಳುಹಿಸಲು ಅನುಮತಿ ಕೊಟ್ಟಿತು. ಮುಂಬಾಗಿಲಿನಲ್ಲಿ ತಡೆದದ್ದು ಹಿತ್ತಿಲಿನಿಂದ ಒಳಗೆ ಬಂತು. ಕೆಲಸ ಮಾಡುತ್ತಿದ್ದ ಸಾವಿರಾರು ಮನೆಯ ಯಂತ್ರಗಳು ಆ ಕೇಬಲ್ಲಿಗೆ ಕುರುಡಾದವು.

ಡಬ್ಬಿಯ ಕಂಪನಿಗಳ ನಡತೆಯೂ ಇದಕ್ಕಿಂತ ಬೇರೆಯಲ್ಲ. ಟೀವೊ ತನ್ನ ಡಬ್ಬಿಗೆ ಲಿನಕ್ಸ್ ತಂತ್ರಾಂಶವನ್ನೇ ಬಳಸಿತು, ಆದರೆ ಕೊಂಡವನು ಅದನ್ನು ತಿದ್ದಿದರೆ ಯಂತ್ರ ಓಡದಂತೆ ಮಾಡಿತು. ಸಾರ್ವಜನಿಕ ಕೆರೆಯಿಂದ ನೀರು ತಂದು ಸ್ವಂತ ಬಾವಿಯೆಂದು ಬೇಲಿ ಹಾಕಿದ ಹಾಗೆ. ಸ್ವತಂತ್ರ ತಂತ್ರಾಂಶದ ಪರವಾನಗಿಯ 2007ರ ಮೂರನೆಯ ಆವೃತ್ತಿಯಲ್ಲಿ ಇಂಥ ಬೇಲಿಯನ್ನು ತಡೆಯುವ ಷರತ್ತು ಸೇರಿದ್ದು ಈ ಕಾರಣದಿಂದಲೇ. 2025ರ ಅಕ್ಟೋಬರ್‌ನಲ್ಲಿ ಟೀವೊ ಇಂಥ ಡಬ್ಬಿಗಳ ಮಾರಾಟವನ್ನೇ ಕೈಬಿಟ್ಟಿತು. ಮೈಕ್ರೋಸಾಫ್ಟ್ ತನ್ನ ಮೀಡಿಯಾ ಸೆಂಟರ್ ಎಂಬ ಮುದ್ರಣ ತಂತ್ರಾಂಶವನ್ನು 2015ರಲ್ಲಿ, ವಿಂಡೋಸ್ 10 ಬಂದಾಗ, ತೆಗೆದುಹಾಕಿತ್ತು. ಉಳಿದುಬಂದದ್ದು ಹವ್ಯಾಸಿಗಳು ಸಾಕಿದ್ದು ಮಾತ್ರ.

ಅವರಿಗೂ ಒಮ್ಮೆ ಕುತ್ತಿಗೆಗೆ ಬಂದಿತ್ತು. ಯಾವ ಕಾರ್ಯಕ್ರಮ ಯಾವ ಹೊತ್ತಿಗೆ ಎಂಬ ವೇಳಾಪಟ್ಟಿ ಇಲ್ಲದೆ ಈ ತಂತ್ರಾಂಶಗಳು ತಾವಾಗಿ ಮುದ್ರಿಸಲಾರವು. ಅಮೆರಿಕದಲ್ಲಿ ಒಂದು ಮಾಧ್ಯಮ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತಿತ್ತು. 2007ರ ಸೆಪ್ಟೆಂಬರ್‌ನಿಂದ ನಿಲ್ಲಿಸಿತು. ಮಿಥ್‌ಟಿವಿ ಮತ್ತಿತರ ತಂತ್ರಾಂಶಗಳ ಬಳಗದವರು ಆಗ ಸೇರಿ, ‘ಶೆಡ್ಯೂಲ್ಸ್ ಡೈರೆಕ್ಟ್’ ಎಂಬ ಲಾಭರಹಿತ ಸಂಸ್ಥೆ ಕಟ್ಟಿ, ತಲೆಗಿಷ್ಟು ಚಂದಾ ಹಾಕಿ ವೇಳಾಪಟ್ಟಿಯನ್ನು ಕೊಂಡರು. ಹಾಲು ಸಂಘ, ಅಡಿಕೆ ಸಂಘ ಕಟ್ಟಿ ಬಾಳಿದ ಜನಕ್ಕೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಭಾರತದಲ್ಲಿ 2011ರ ಕೇಬಲ್ ತಿದ್ದುಪಡಿ ಕಾಯಿದೆಯ ನಂತರ 2012ರಿಂದ 2017ರವರೆಗೆ ಹಂತಹಂತವಾಗಿ ಕೇಬಲ್ ಪ್ರಸಾರ ಡಿಜಿಟಲ್ ಆಯಿತು, ಪ್ರತಿ ಟಿ.ವಿ.ಗೂ ಒಂದು ಡಬ್ಬಿ ಕಡ್ಡಾಯವಾಯಿತು. ಡಿ.ಟಿ.ಎಚ್. ಕಂಪನಿಗಳ ಮುದ್ರಿಸುವ ಡಬ್ಬಿಗಳೂ ಬಂದವು. ಅವುಗಳಲ್ಲಿ ಮುದ್ರಿಸಿದ್ದು ಆ ಡಬ್ಬಿಗೇ ಅಂಟಿಕೊಂಡಿರುತ್ತದೆ. ಡಿಸ್ಕನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕಿದರೆ ಓದಲು ಬರುವುದಿಲ್ಲ. ಕಂಪನಿ ಬದಲಿಸಿದರೆ ಡಬ್ಬಿಯೂ ವ್ಯರ್ಥ. ಎಲ್ಲ ಕಂಪನಿಗಳಿಗೂ ಒಂದೇ ಡಬ್ಬಿ ಒಗ್ಗುವಂತಿರಬೇಕೆಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ಡಬ್ಬಿಗಳು ಅಟ್ಟ ಹತ್ತುವುದು ಅದರಿಂದ ನಿಂತಿಲ್ಲ.

ಕಾನೂನು ಮಾತ್ರ ನೋಡುಗನ ಪರವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 39ನೆಯ ಕಲಮಿನ ಪ್ರಕಾರ, ಸ್ವಂತ ಬಳಕೆಗಾಗಲಿ, ಪ್ರಾಮಾಣಿಕ ಬೋಧನೆ ಸಂಶೋಧನೆಗಾಗಲಿ ಪ್ರಸಾರವನ್ನು ಮುದ್ರಿಸಿಕೊಂಡರೆ ಪ್ರಸಾರಕನ ಹಕ್ಕಿಗೆ ಚ್ಯುತಿ ಬಂದಂತಲ್ಲ. ಮುದ್ರಿಸಿ ಮಾರುವುದು ಬೇರೆ ಮಾತು. ಕುತೂಹಲದ ಸಂಗತಿಯೆಂದರೆ, ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ವಿನಿಮಯ ಮಾಡಿಕೊಳ್ಳುವ ರೈತನ ಹಕ್ಕನ್ನು ಹೇಳುವುದೂ 39ನೆಯ ಕಲಮೇ. ಅದು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯದು. ಸಂಖ್ಯೆ ಕಾಕತಾಳೀಯ, ಹೋಲಿಕೆ ಹಾಗಲ್ಲ. ಬೀಜ ಉಳಿಸುವ ಹಕ್ಕು ಪುಸ್ತಕದಲ್ಲಿದ್ದು, ಉಳಿಸಿದರೆ ಅದೇ ಗುಣದ ಬೆಳೆ ಬಾರದ ಸಂಕರ ಬೀಜವಷ್ಟೇ ಅಂಗಡಿಯಲ್ಲಿದ್ದರೆ ಆ ಹಕ್ಕಿನಿಂದ ಏನಾದೀತು? ಬೀಜದ ಹಕ್ಕಿಗಾಗಿ ಬೀದಿಗಿಳಿದವರು ಮನೆಯ ಡಬ್ಬಿಯೊಳಗಿನ ಇದೇ ಕಥೆಯನ್ನು ಗಮನಿಸದೆ ಬಿಟ್ಟಿದ್ದಾರೆ.

ತೆರೆದ ಬಾಗಿಲೊಂದು

ಬೀಗವಿಲ್ಲದ ಬಾಗಿಲೊಂದು ಇನ್ನೂ ಇದೆ. ದೂರದರ್ಶನ 2004ರ ಡಿಸೆಂಬರ್‌ನಲ್ಲಿ ಆರಂಭಿಸಿದ, ಈಗ ಫ್ರೀ ಡಿಷ್ ಎಂದು ಕರೆಯುವ ಉಪಗ್ರಹ ಸೇವೆಗೆ ಮಾಸಿಕ ಶುಲ್ಕವಿಲ್ಲ. ಅದರ ಎಂಪಿಇಜಿ-2 ವಾಹಿನಿಗಳು ಗೂಢಲಿಪಿಯಿಲ್ಲದೆ ಬರುತ್ತವೆ. ಹಂಚಿನ ಮಾಡಿನ ಪಕ್ಕ ನಿಲ್ಲಿಸಿದ ಅದೇ ಡಿಷ್‌ನ ತಂತಿಯನ್ನು ಹಳೆಯ ಕಂಪ್ಯೂಟರಿಗೆ ಹಾಕಿದ ಡಿವಿಬಿ-ಎಸ್ ಕಾರ್ಡಿಗೆ ಕೊಟ್ಟರೆ ಮುದ್ರಣ ನಡೆಯುತ್ತದೆ. ಈಚಿನ ವಾಹಿನಿಗಳಿಗೆ ಡಿವಿಬಿ-ಎಸ್2 ಕಾರ್ಡು ಬೇಕು. ವೇಳಾಪಟ್ಟಿ ಸಿಗದಿದ್ದರೆ ವಾಹಿನಿ, ವಾರ, ಗಂಟೆ ಬರೆದುಕೊಟ್ಟರೂ ಸಾಕು.

ತೊಡಕುಗಳಿವೆ. ಆಗುಂಬೆಯ ಕಡೆಯ ಮಳೆಗೆ ಉಪಗ್ರಹದ ಸಂಕೇತ ಸೋಲುತ್ತದೆ. ಆಷಾಢದ ಮುದ್ರಣದಲ್ಲಿ ತೂತುಗಳಿರುವುದು ಖಂಡಿತ. ಸಿಡಿಲಿನ ದಿನ ಡಿಷ್ ತಂತಿಯನ್ನು ಕಿತ್ತಿಡದಿದ್ದರೆ ಕಾರ್ಡು ಮಾತ್ರವಲ್ಲ, ಯಂತ್ರವೇ ಹೋದೀತು. ತೀರ ಹಳೆಯ ಯಂತ್ರಗಳು 137 ಗಿಗಾಬೈಟ್‌ಗಿಂತ ದೊಡ್ಡ ಡಿಸ್ಕನ್ನು ಗುರುತಿಸುವುದಿಲ್ಲ. 2000ದ ಆಚೀಚಿನ ಎಷ್ಟೋ ಮದರ್‌ಬೋರ್ಡುಗಳ ಕೆಪ್ಯಾಸಿಟರುಗಳು ಊದಿಕೊಳ್ಳುತ್ತವೆ. ಮೊದಲು ಮುಚ್ಚಳ ತೆಗೆದು ಅವನ್ನು ನೋಡಬೇಕು. ಸ್ವತಂತ್ರ ತಂತ್ರಾಂಶದವರೂ ಪೂರ್ಣ ನಿರ್ದೋಷಿಗಳಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ನೆಯ ಆವೃತ್ತಿ 32-ಬಿಟ್ ಕಂಪ್ಯೂಟರುಗಳಿಗೆ ಅನುಸ್ಥಾಪನೆಯ ಸೌಲಭ್ಯವನ್ನು ನಿಲ್ಲಿಸಿತು. ಸಾಕುವ ಕೈಗಳು ಕಡಿಮೆಯಾದವೆಂಬ ಅವರ ಕಾರಣ ನಿಜವಿದ್ದೀತು. ಪೆಂಟಿಯಮ್-3 ಇಟ್ಟುಕೊಂಡವನಿಗೆ ಮಾತ್ರ ಬಾಗಿಲು ಮುಚ್ಚಿದ ಸದ್ದು ಒಂದೇ ತೆರನಾಗಿ ಕೇಳುತ್ತದೆ. ಆದರೆ 2025ರಲ್ಲಿ ಮುದಿಯೆಂದು ಸಾರಲಾದ ಯಂತ್ರಗಳು 64-ಬಿಟ್‌ನವು. ಅವುಗಳಿಗೆ ಈ ತೊಡಕಿಲ್ಲ, ಎಚ್‌ಡಿ ತೋರಿಸುವ ಶಕ್ತಿಯೂ ಇದೆ.

ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಇದೆಲ್ಲ ಏಕೆಂದು ಪೇಟೆಯವರು ಕೇಳಬಹುದು. ಅವರು ಘಟ್ಟದ ಅಂಚಿನ ಒಂಟಿ ಮನೆಗಳಲ್ಲಿ ಒಂದು ರಾತ್ರಿ ಇದ್ದು ನೋಡಬೇಕು; ಅಲ್ಲಿ ಫೋನು ಹಿಡಿದು ಗುಡ್ಡದ ನೆತ್ತಿಗೆ ಹೋದರೆ ಮಾತ್ರ ಸಿಗ್ನಲ್ಲು. ಸಿಕ್ಕರೂ, ಮೊಬೈಲಿನಲ್ಲಿ ಕಂಡದ್ದು ನಾಳೆ ಅಲ್ಲೇ ಇರುತ್ತದೆಂಬ ಭರವಸೆಯಿಲ್ಲ. ಇಟ್ಟವರು ತೆಗೆದರೆ ತೆಗೆದ ಹಾಗೆ. ಫಿಲಡೆಲ್ಫಿಯಾದ ಗ್ರಂಥಪಾಲಕಿ ಮೇರಿಯನ್ ಸ್ಟೋಕ್ಸ್ ಮೂರು ದಶಕಕ್ಕೂ ಮಿಕ್ಕಿ, 2012ರಲ್ಲಿ ತೀರಿಕೊಳ್ಳುವವರೆಗೆ, ಟಿ.ವಿ. ಸುದ್ದಿಗಳನ್ನು ಹಗಲಿರುಳು ಮುದ್ರಿಸಿದಳು. ಹತ್ತಾರು ಸಾವಿರ ಟೇಪುಗಳ ಆ ರಾಶಿಯನ್ನು ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಕಾಪಾಡಲು ತೆಗೆದುಕೊಂಡಿತು. ಪ್ರಸಾರಕರು ಉಳಿಸದಿದ್ದದ್ದನ್ನು ಒಬ್ಬ ಹೆಂಗಸು ಮನೆಯಲ್ಲಿ ಕೂತು ಉಳಿಸಿದ್ದಳು.

ಫ್ರೀ ಡಿಷ್ ಸೇವೆಯನ್ನೂ ನೋಂದಾಯಿತ ಡಬ್ಬಿಗಳ ವ್ಯವಸ್ಥೆಗೆ ತರಬೇಕೆಂಬ ಒತ್ತಾಯ ಕೇಬಲ್ ವಿತರಕರ ವಲಯದಿಂದ ಕೇಳಿಬಂದಿದೆ. ಹಾಗಾದರೆ ತೆರೆದಿರುವ ಈ ಒಂದು ಬಾಗಿಲಿಗೂ ಬೀಗ ಬೀಳುತ್ತದೆ. ಆ ಮಾತು ಮತ್ತೆ ಎದ್ದಾಗ ಸರ್ಕಾರ ಸಾರ್ವಜನಿಕರ ಅಭಿಪ್ರಾಯ ಕೇಳುವುದು ವಾಡಿಕೆ. ಕಂಪನಿಗಳು ಉತ್ತರ ಬರೆಯುತ್ತವೆ, ಹಳ್ಳಿಗಳಿಂದ ಒಂದು ಕಾಗದವೂ ಹೋಗುವುದಿಲ್ಲ. ಈ ಬಾರಿ ಗ್ರಾಮಸಭೆಗಳಿಂದ, ರೈತಸಂಘಗಳಿಂದ, ಸಹಕಾರ ಸಂಘಗಳಿಂದ ಕಾಗದ ಹೋಗಲಿ: ಸಾರ್ವಜನಿಕ ಹಣದ ಪ್ರಸಾರ ಗೂಢಲಿಪಿಯಿಲ್ಲದೆ ಬರಲಿ, 39ನೆಯ ಕಲಮಿನ ಹಕ್ಕನ್ನು ಡಬ್ಬಿಯಿಂದ ಕಸಿಯದಿರಲಿ, ಕಚೇರಿಗಳು ಗುಜರಿಗೆ ಹಾಕುವ ಕಂಪ್ಯೂಟರುಗಳನ್ನು ಹರಾಜಿಗೆ ಮೊದಲು ಊರಿನ ಶಾಲೆಗೂ ಗ್ರಂಥಾಲಯಕ್ಕೂ ಕೊಡಲಿ ಎಂದು. ಅಷ್ಟರಲ್ಲಿ ಅಟ್ಟದ ಮೇಲಿನದನ್ನು ಕೆಳಗಿಳಿಸಿ, ಧೂಳು ಜಾಡಿಸಿ, ಇಲಿ ತಂತಿ ಕಡಿದಿದೆಯೇ ಎಂದು ನೋಡಿಡಬಹುದು. ಮಳೆಗಾಲಕ್ಕೆ ಮುಂಚೆ ಬೋರ್ಡೋ ಸಿಂಪರಣೆಯ ಕಾರ್ಯಕ್ರಮ ಮತ್ತೆ ಬರುತ್ತದೆ, ಮತ್ತೆ ಹಾಲು ಕರೆಯುವ ಹೊತ್ತಿಗೇ.